ಮಾಸ್ತರು ಕಲಿಸಿದ ಸ್ವೀಡಿಷ್

ಕುಮಟಾ ಬಸ್‌ಸ್ಟ್ಯಾಂಡಿನ ಹಿಂದಿನ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ನನ್ನ ಹೈಸ್ಕೂಲಿನ ಕನ್ನಡ ಮಾಸ್ತರು ಸ್ವೀಡಿಷ್ ಕಲಿಸುತ್ತಿದ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ. ಸ್ವೀಡನ್ನಿಗೆ ನರ್ಸುಗಳು ಬೇಕಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ನಿವೃತ್ತರಾಗಿ ಮನೆಯಲ್ಲಿದ್ದವರು ಒಂದು ಪುಸ್ತಕ ತರಿಸಿ, ಆರು ತಿಂಗಳು ಓದಿ, ಬೋರ್ಡು ಹಾಕಿಬಿಟ್ಟರು. ಆ ಭಾಷೆ ಆಡುವವರ ಮಾತನ್ನು ಒಮ್ಮೆಯೂ ಕಿವಿಯಾರೆ ಕೇಳಿದವರಲ್ಲ. ಹೊನ್ನಾವರದ ಆಸ್ಪತ್ರೆಯೊಂದರಲ್ಲಿ ನರ್ಸುಗಳಾಗಿದ್ದ ನಾನು ಮತ್ತು ನನ್ನ ಮುಟ್ಟಳ್ಳಿಯ ಗೆಳತಿ ಆ ಕ್ಲಾಸಿಗೆ ಒಟ್ಟಿಗೆ ಸೇರಿದೆವು. ನನಗಿನ್ನೂ ವಯಸ್ಸಿತ್ತು. ಅವಳಿಗೆ ಅದು ಕೊನೆಯ ವರ್ಷ, ದಾಟಿದರೆ ಅರ್ಜಿಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ಸ್ವೀಡಿಷಿನಲ್ಲಿ ಮೂರು ನಾಲ್ಕು ಪದ ಬೆಸೆದು ಮಾರುದ್ದದ ಒಂದು ಪದ ಮಾಡುತ್ತಾರೆ. ರಕ್ತದೊತ್ತಡ ಅಳೆಯುವ ಯಂತ್ರಕ್ಕೆ ‘ಬ್ಲೂದ್‌ತ್ರಿಕ್ಸ್‌ಮೇತರೆ’. ಮಾಸ್ತರು ಹಿಂದೆ ಪದ್ಯಕ್ಕೆ ಪ್ರಸ್ತಾರ ಹಾಕಿಸಿದ ಹಾಗೆ ಅದನ್ನು ಕನ್ನಡದಲ್ಲಿ ಬರೆಸಿ, ಅಕ್ಷರ ಅಕ್ಷರಕ್ಕೂ ಗೆರೆ ಎಳೆಸುತ್ತಿದ್ದರು: ಬ್ಲೂ, ದ್ತ್ರಿ, ಕ್ಸ್ಮೇ, ತ, ರೆ. ಆಮೇಲೆ ಎಲ್ಲರೂ ಮಗ್ಗಿಯ ರಾಗದಲ್ಲಿ ಒಟ್ಟಿಗೆ ಕೂಗಬೇಕು.

ನಾನು ಬಸ್ಸಿನಲ್ಲಿ ಮೊಬೈಲಿಗೆ ಕಿವಿ ಕೊಟ್ಟು ಆ ದೇಶದವರ ಮಾತು ಕೇಳುತ್ತಿದ್ದೆ. ಅವರು ಒಡೆಯುವುದು ಹೀಗಲ್ಲವೇ ಅಲ್ಲ. ಬ್ಲೂದ್ ಎಂದರೆ ರಕ್ತ, ತ್ರಿಕ್ಸ್ ಒತ್ತಡ, ಮೇತರೆ ಅಳೆಯುವಂಥದ್ದು. ಮೊದಲ ತುಂಡನ್ನು ಒತ್ತಿ ಹೇಳಿ, ನಡುವಿನದನ್ನು ಹಗುರ ಮಾಡಿ, ಕೊನೆಯದಕ್ಕೆ ಮತ್ತೆ ದನಿ ಎತ್ತುತ್ತಾರೆ. ಗೆಳತಿಗೂ ಅನುಮಾನ ಬಂದು ಒಂದು ದಿನ ಎದ್ದು ನಿಂತಳು.

“ಸರ್, ಅರ್ಥ ಎಲ್ಲಿ ಮುರೀತದೋ ಅಲ್ಲೇ ಪದನೂ ಮುರೀಬೇಕಲ್ಲ?”

ಮಾಸ್ತರು ನನ್ನತ್ತ ತಿರುಗಿದರು. “ನೀ ನನ್ನ ಹಳೇ ವಿದ್ಯಾರ್ಥಿನಿ. ನೀನೇ ಹೇಳು. ನಾ ಹೇಳಿದ್ದು ತಪ್ಪೋ?”

ನಮ್ಮ ಕಡೆ ಕಲಿಸಿದವರಿಗೆ ಎದುರಾಡುವುದೆಂದರೆ ಹೆತ್ತವರಿಗೆ ಎದುರಾಡಿದ ಹಾಗೆ. “ನೀವು ಹೇಳಿದ್ದೇ ಸರಿ ಸರ್,” ಎಂದೆ. ಗೆಳತಿ ನಂಬಿ ಕೂತಳು. ಮಾಸ್ತರನ್ನಲ್ಲ, ನನ್ನನ್ನು ನಂಬಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಒಳಗೊಳಗೇ ಬೀಗಿದ ಹೇಡಿ ನಾನು. ಹೊರಗೆ ಬಂದ ಮೇಲಾದರೂ ಹೇಳಬಹುದಿತ್ತು. ಹೇಳಿದರೆ ಮತ್ತೆ ಕ್ಲಾಸಿನಲ್ಲಿ ಎದ್ದು ನಿಲ್ಲುತ್ತಾಳೆ, ನನ್ನ ಹೆಸರು ತೆಗೆಯುತ್ತಾಳೆ ಎಂದು ಬಾಯಿ ಮುಚ್ಚಿಕೊಂಡೆ. ಮನೆಯಲ್ಲಿ ಬಾಗಿಲು ಹಾಕಿ ಆ ದೇಶದವರ ಹಾಗೆ ಅಭ್ಯಾಸ ಮಾಡಿದೆ. ಅವಳು ಗದ್ದೆಯಂಚಿನಲ್ಲಿ ನಡೆಯುತ್ತ ಮಾಸ್ತರ ಹಾಗೆ ಮಾಡಿದಳು.

ವಿಡಿಯೊ ಸಂದರ್ಶನದಲ್ಲಿ ಆ ಕಡೆಯ ಹೆಂಗಸಿಗೆ ಅವಳು ಹೇಳಿದ ಆ ರಕ್ತದೊತ್ತಡದ ಪದ ಅರ್ಥವಾಗಲಿಲ್ಲವಂತೆ. ಮೂರು ಸಲ ‘ಮತ್ತೊಮ್ಮೆ ಹೇಳಿ’ ಅಂದಳಂತೆ. ಪ್ರತಿ ಸಲವೂ ಇವಳು ಇನ್ನಷ್ಟು ಗಟ್ಟಿಯಾಗಿ ಅದನ್ನೇ ಕೂಗಿದಳು. ಹತ್ತು ವರ್ಷ ಎಷ್ಟೋ ಜನರ ರಕ್ತದೊತ್ತಡ ನೋಡಿದ ಕೈ! ಅವಳು ಫೇಲಾದಳು, ನಾನು ಪಾಸಾದೆ.

ಮಾಸ್ತರು ಮೆಟ್ಟಿಲ ಬಳಿ ನನ್ನ ಫೋಟೊದ ಬ್ಯಾನರ್ ಕಟ್ಟಿಸಿದರು. ಹರಿದು ಎಸೆಯುವಷ್ಟು ಸಿಟ್ಟು ಬಂತು. ಮಾಡಿದ್ದೇನು? ಪೇಡೆ ಹಿಡಿದು ಹೋಗಿ ಕಾಲಿಗೆ ಬಿದ್ದೆ. ತನ್ನ ಕಾಗದಪತ್ರ ಒಯ್ಯಲು ಬಂದಿದ್ದ ಗೆಳತಿ ನೋಡುತ್ತ ನಿಂತಿದ್ದಳು. ಕೆಳಗಿಳಿದ ಮೇಲೆ ಕೇಳಿದಳು.

“ಇಂಟರ್‌ವ್ಯೂನಲ್ಲಿ ನೀನು ಸರ್ ಹೇಳ್ದಂಗೇ ಹೇಳ್ದ್ಯಾ?”

“ಇಲ್ಲ.”

“ಯಾವಾಗಿಂದ ಗೊತ್ತಿತ್ತು?”

“ನೀ ಎದ್ದು ಕೇಳೋಕೂ ಮೊದ್ಲೇ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

“ಆತು. ನಂದು ಎಂತ, ಮುಗೀತು. ಮೇಲೆ ಇನ್ನೂ ಒಂಬತ್ತು ಜನ ಕೂತಿದಾರೆ. ಅವ್ರಿಗಾದ್ರೂ ಹೋಗಿ ಹೇಳು,” ಎಂದು ಬಸ್ಸು ಹತ್ತಿದಳು.

ನನ್ನ ವೀಸಾ ಬಂದಿದೆ. ನಾನಿನ್ನೂ ಹೇಳಿಲ್ಲ.