ಬಟ್ಟೆ ಕೋಣೆಯ ಪಿಟೀಲುಗಳು

ಹೊಲಿಗೆಯಕ್ಕನ ಮುಂದೆ ‘ಆಗೋದಿಲ್ಲ’ ಅಂತ ಯಾರಾದರೂ ಹೇಳಿದರೆ ಮುಗಿಯಿತು, ಆ ಕೆಲಸ ಅರ್ಧ ಆದ ಹಾಗೇ ಲೆಕ್ಕ. ಬಸ್ ಓಡಿಸುವ ಅವಳ ಗಂಡ ಇದನ್ನು ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದ. ಮನೆಗೆ ಬಣ್ಣ ಬಳಿಯಬೇಕು ಅನಿಸಿದಾಗ, “ಈ ವರ್ಷ ಆಗೋದಿಲ್ಲ ಬಿಡೇ” ಅಂದು ಸುಮ್ಮನೆ ಡ್ಯೂಟಿಗೆ ಹೋಗುತ್ತಿದ್ದ. ವಾರ ಕಳೆಯುವುದರೊಳಗೆ ಗೋಡೆಗಳು ಹೊಳೆಯುತ್ತಿದ್ದವು.

ಮಗಳಿಗೆ ಪಿಟೀಲು ಕಲಿಯುವ ಆಸೆ ಹುಟ್ಟಿದಾಗ ‘ಆಗೋದಿಲ್ಲ’ ಅಂದದ್ದು ಪೇಟೆಯ ಸಂಗೀತ ಶಾಲೆ. ಬಾಯಿಬಿಟ್ಟು ಅನ್ನಲಿಲ್ಲ, ಫೀಸು ಹೇಳಿತು, ಅಷ್ಟೇ. ಅಕ್ಕ ಮಗಳ ಕೈ ಹಿಡಿದು ಹೊರಗೆ ಬಂದಳು. ದಾರಿಯುದ್ದಕ್ಕೂ ಮಗಳು, “ನಂಗೇನು ಅಷ್ಟೊಂದು ಆಸೆ ಇಲ್ಲಮ್ಮ” ಅನ್ನುತ್ತಲೇ ಇದ್ದಳು. ಅಮ್ಮನ ಮುಖ ಸಣ್ಣದಾಗಬಾರದು ಅಂತ ಅಷ್ಟು ಚಿಕ್ಕ ಮಗು ಆಸೆ ನುಂಗಿಕೊಳ್ಳುವುದೆಂದರೇನು! ಮಾರನೆಯ ದಿನವೇ ಅವಳು ಬೀದಿಯ ಮನೆಮನೆಯ ಬಾಗಿಲು ತಟ್ಟಿದಳು.

ಬೀದಿಯ ಮಕ್ಕಳಿಗೆಲ್ಲ ಪಿಟೀಲು ಕಲಿಸುವ ಸಂಘ ಹುಟ್ಟಿದ್ದು ಹಾಗೆ. ಕೈಲಾದಷ್ಟು ಕೊಡಿ, ದುಡ್ಡಿಲ್ಲದಿದ್ದರೆ ಬರುವ ಕೆಲಸ ಮಾಡಿಕೊಡಿ ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ನಿಯಮವಿರಲಿಲ್ಲ. ಬಡಗಿ, ಯಾರ್ಯಾರದೋ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಹಳೇ ಪಿಟೀಲುಗಳಿಗೆ ಅಂಟು ಹಾಕಿ ಜೀವ ತುಂಬಿದ. ಆಸ್ಪತ್ರೆಯ ಆಯಾ, ಪಾಠ ನಡೆಯುವ ಹೊತ್ತಿನಲ್ಲಿ, ಕಲಿಸಲು ಒಪ್ಪಿದ ಪಿಟೀಲು ಮೇಷ್ಟ್ರ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡಳು. ಇಸ್ತ್ರಿ ಅಂಗಡಿಯವನು ಮೇಷ್ಟ್ರ ಅಂಗಿಗಳ ಜವಾಬ್ದಾರಿ ಹೊತ್ತ. ಮೇಷ್ಟ್ರು ಪಾಪ, ಅಷ್ಟು ಗರಿಗರಿ ಅಂಗಿ ತಮ್ಮ ಮದುವೆಯಲ್ಲೂ ತೊಟ್ಟಿರಲಿಲ್ಲ. ಪಾಠ ಅಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸೂರು ಮುಟ್ಟುವ ಬಟ್ಟೆಯ ಥಾನುಗಳ ನಡುವೆ ನಡೆಯುತ್ತಿತ್ತು.

ಮೂರನೇ ವರ್ಷ ಅಂಗಡಿಯ ಮಾಲೀಕ, ಹಿಂದಿನ ಕೋಣೆ ಕೆಡವುತ್ತೇನೆ, ತಿಂಗಳ ಕೊನೆಗೆ ಬಿಟ್ಟುಕೊಡಿ ಅಂದ. ಬಾಡಿಗೆ ಕೋಣೆ ಹಿಡಿದರೆ ಮಕ್ಕಳಿಗೆ ಫೀಸು ಹಾಕಬೇಕು. ಫೀಸು ಹಾಕಿದರೆ ಅರ್ಧಕ್ಕರ್ಧ ಮಕ್ಕಳು ತಮಗೇನು ಅಂಥ ಆಸೆಯಿಲ್ಲ ಅನ್ನಲು ಶುರುಮಾಡುತ್ತಾರೆ. ಅದನ್ನು ಇನ್ನೊಮ್ಮೆ ಕೇಳಲು ಅಕ್ಕ ತಯಾರಿರಲಿಲ್ಲ. ಗ್ರಂಥಾಲಯದ ಮಹಡಿಯಲ್ಲಿ ಕೋಣೆಯೊಂದು ಖಾಲಿ ಬಿದ್ದಿತ್ತು. ಅಲ್ಲಿನ ಅಧ್ಯಕ್ಷರ ಬೆನ್ನು ಹತ್ತಿದಳು.

“ಬಾಡಿಗೆ ಏನೂ ಬೇಡಮ್ಮ. ಕೆಳಗೆ ಓದೋವ್ರಿಗೆ ತೊಂದ್ರೆ ಆಗ್ಬಾರ್ದು, ಅಷ್ಟೇ. ಶನಿವಾರ ಒಂದ್ಸಲ ನುಡಿಸಿ ತೋರಿಸಿ” ಅಂದರು ಅವರು.

ಶನಿವಾರ ಮಕ್ಕಳು ತಲೆ ಬಾಚಿಕೊಂಡು ಹೋಗಿ ನಿಂತರು. ಬೋಳು ಗೋಡೆ, ಕಲ್ಲಿನ ನೆಲ. ಎಲ್ಲರೂ ಒಟ್ಟಿಗೆ ಕಮಾನು ಎಳೆದದ್ದೇ ತಡ, ಕಿವಿ ಕಿತ್ತುಹೋಗುವಂಥ ಸದ್ದು! ಕೆಳಗೆ ಓದುತ್ತಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ಪೇಪರು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು. “ಯಾರಮ್ಮ ಇಲ್ಲಿ ತಗಡು ಕೊಯ್ತಿರೋದು?”

ಮಕ್ಕಳ ಮುಖ ಬಾಡಿಹೋಯಿತು. ಅಧ್ಯಕ್ಷರು ಕತ್ತು ಕೆರೆದುಕೊಂಡು, “ಮುಂದಿನ ವರ್ಷ ನೋಡೋಣ” ಅಂದರು.

“ವರ್ಷ ಯಾಕೆ ಸಾರ್? ಮುಂದಿನ ಶನಿವಾರವೇ ಬರ್ತೀವಿ” ಅಂದಳು ಅಕ್ಕ. ಅವರು ಹೂಂ ಅನ್ನುವವರೆಗೂ ಕದಲಲಿಲ್ಲ.

ದಾರಿಯಲ್ಲಿ ಮೇಷ್ಟ್ರು ಕೈಚೆಲ್ಲಿದರು. “ತಪ್ಪು ನಂದೇ ಅಕ್ಕ. ಆ ಥಾನುಗಳು ಸದ್ದನ್ನೆಲ್ಲ ನುಂಗ್ತಿದ್ವು. ಕೇಳಿಸ್ತಿಲ್ಲ ಅಂತ ನಾನು ‘ಒತ್ತಿ, ಇನ್ನೂ ಒತ್ತಿ’ ಅಂದೆ. ಮಕ್ಕಳ ಕೈ ಹಾಗೇ ಕೂತ್ಬಿಟ್ಟಿದೆ. ಒಂದು ವಾರದಲ್ಲಿ ತಿದ್ದೋಕೆ ಆಗೋದಿಲ್ಲ.”

ಆ ಮಾತು ಅವರು ಆಡಬಾರದಿತ್ತು. ಸಂಜೆಯೊಳಗೆ ಥಾನುಗಳೆಲ್ಲ ಅಕ್ಕನ ಮನೆ ಸೇರಿದವು. ಶಾಲೆ ಶುರುವಾಗುವ ಕಾಲ, ಸಮವಸ್ತ್ರದ ಬಟ್ಟೆ ರಾಶಿ ರಾಶಿ. ಮಂಚದ ಮೇಲೆ, ಅಡಿಗೆಮನೆಯ ಮೂಲೆಯಲ್ಲಿ, ಎಲ್ಲೆಲ್ಲೂ ಅದೇ. ಡ್ಯೂಟಿ ಮುಗಿಸಿ ಬಂದ ಗಂಡ ಹೊಸ್ತಿಲಲ್ಲೇ ನಿಂತ.

“ನಾನೆಲ್ಲಿ ಮಲಗ್ಲಿ ಮಾರಾಯ್ತಿ?”

“ನೀಲಿ ಥಾನಿನ ಮೇಲೆ. ಬಿಳೀದು ಮುಟ್ಟಿದ್ರೆ ನೋಡಿ ಮತ್ತೆ!”

ಅವನು ಬಿಳಿಯನ್ನು ದಾಟಿ ಹೋಗಿ ನೀಲಿಯ ಮೇಲೆ ಒರಗಿದ.

ಇತ್ತ ಖಾಲಿಯಾದ ಕೋಣೆಯಲ್ಲಿ ಮಕ್ಕಳು ತಮ್ಮ ಸದ್ದಿಗೆ ತಾವೇ ಬೆಚ್ಚಿಬಿದ್ದರು. “ಒತ್ತಬೇಡಿ, ಕಮಾನಿನ ಭಾರವೇ ಸಾಕು” ಅಂದು ಅಂದು ಮೇಷ್ಟ್ರ ಗಂಟಲು ಒಣಗಿತು. ಮಕ್ಕಳಿಗೆ ಮಾತು ತಿಳಿಯುತ್ತಿತ್ತು, ಕೈ ಮಾತ್ರ ಕೇಳುತ್ತಿರಲಿಲ್ಲ. ಹಗುರ ಮಾಡಿದರೆ ಕಮಾನು ತಂತಿಯ ಮೇಲೆ ಜಾರಿ ಕೀಚ್ ಅನ್ನುತ್ತಿತ್ತು. ಎಲ್ಲರಿಗಿಂತ ಜೋರಾಗಿ ಒತ್ತುತ್ತಿದ್ದವಳು ಅಕ್ಕನ ಮಗಳೇ. ಬುಧವಾರ ಅವಳು ಪಿಟೀಲು ಕೆಳಗಿಟ್ಟು ಅತ್ತಳು. “ನನ್ನಿಂದಾನೇ ಕೋಣೆ ಹೋಗುತ್ತಮ್ಮ.”

ಅಕ್ಕನಿಗೂ ಅಳು ಉಕ್ಕಿ ಬಂತು. ಆದರೂ ಮಗಳ ಮೂಗು ಒರೆಸಿ, ಪಿಟೀಲು ಎತ್ತಿ ಕೈಗೆ ಕೊಟ್ಟಳು. “ಹೋದ್ರೆ ಇನ್ನೊಂದು ಹುಡುಕ್ತೀನಿ. ಅದು ನನ್ನ ಕೆಲಸ. ನೀನು ಇನ್ನೊಂದ್ಸಲ ನುಡಿಸು.”

ಮತ್ತೆರಡು ದಿನ ರಾತ್ರಿಯವರೆಗೂ ಆ ಬೋಳು ಕೋಣೆಯಲ್ಲಿ ಮಕ್ಕಳು ತಿದ್ದಿ ತಿದ್ದಿ ನುಡಿಸಿದರು. ಶನಿವಾರ ಅಕ್ಕ ಮಹಡಿ ಹತ್ತಲಿಲ್ಲ. ಕೆಳಗೆ, ಓದುವವರ ನಡುವೆ, ಅಧ್ಯಕ್ಷರ ಪಕ್ಕದಲ್ಲಿ ಜೀವ ಬಿಗಿಹಿಡಿದು ಕೂತಳು. ಮೇಲೆ ಪಿಟೀಲುಗಳು ಶುರುವಾದವು. ಸಣ್ಣಗೆ, ಹದವಾಗಿ, ಒಂದೇ ದನಿಯಾಗಿ ಇಳಿದು ಬಂದವು. ಯಾರೂ ತಲೆ ಎತ್ತಲಿಲ್ಲ. ಅಕ್ಕ ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಪೋಸ್ಟ್‌ಮಾಸ್ಟರು ಪೇಪರು ಮಡಚಿಟ್ಟರು. ಕನ್ನಡಕ ತೆಗೆದರು. ಎದ್ದು ಸೀದಾ ಮೆಟ್ಟಿಲ ಬಾಗಿಲ ಕಡೆ ನಡೆದರು.

ಅಡ್ಡ ನಿಲ್ಲೋಣವೆಂದು ಅಕ್ಕ ಎದ್ದಳು, ಅಷ್ಟರಲ್ಲಾಗಲೇ ಅವರು ಬಾಗಿಲು ಮುಟ್ಟಿದ್ದರು.

ಪೋಸ್ಟ್‌ಮಾಸ್ಟರು ಅರೆತೆರೆದಿದ್ದ ಬಾಗಿಲನ್ನು ಪೂರ್ತಿ ತೆರೆದು, ಅದು ಮುಚ್ಚಿಕೊಳ್ಳದ ಹಾಗೆ ಒಂದು ಸ್ಟೂಲು ಎಳೆದು ಒತ್ತು ಕೊಟ್ಟರು.

“ಏನು ಸಾರ್, ತೊಂದ್ರೆ ಆಗ್ತಿದೆಯಾ?” ಅಂದರು ಅಧ್ಯಕ್ಷರು.

“ಮತ್ತೇನು! ಬಾಗಿಲು ಅಡ್ಡ ಇದ್ರೆ ಕೇಳಿಸೋದು ಹೇಗ್ರೀ?” ಅಂದು ಗದರಿ ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.