ಗೊಂಬೆ ಮೆಟ್ಟಿಲಿಗೆ ಕಟ್ಟಿದ ನೀಲಿ ರಿಬ್ಬನ್ನು

ಇಲ್ಲಿ ಅಮೆರಿಕದಲ್ಲಿ, ರೌಂಡ್ ರಾಕಿನ ನಮ್ಮ ಮಗಳ ಹೈಸ್ಕೂಲಿನಿಂದ ದಿನಕ್ಕೆ ನಾಲ್ಕು ಇಮೇಲ್ ಬರುತ್ತವೆ. ಅದರಲ್ಲಿ ಒಂದಾದರೂ ಪಾಠದ ಬಗ್ಗೆ ಇದ್ದರೆ ನನಗೆ ತೋರಿಸಿ. ಸೆಪ್ಟೆಂಬರಿನಲ್ಲಂತೂ ಕೇಳಲೇಬೇಡಿ. ಹೋಮ್‌ಕಮಿಂಗ್ ಎಂದು ಒಂದು ವಾರ ಬರುತ್ತದೆ, ಹಳೆಯ ವಿದ್ಯಾರ್ಥಿಗಳು ಶಾಲೆಗೆ ಮರಳುವ ನೆಪದಲ್ಲಿ. ಸೋಮವಾರ ಪೈಜಾಮದಲ್ಲಿ ಶಾಲೆಗೆ ಹೋಗಬೇಕು, ಮಂಗಳವಾರ ಅಜ್ಜಿಯ ವೇಷ, ಬುಧವಾರ ಇನ್ನೇನೋ. ಶುಕ್ರವಾರ ಫುಟ್‌ಬಾಲ್ ಪಂದ್ಯ, ಅವತ್ತು ಹುಡುಗಿಯರು ಎದೆಗೆ 'ಮಮ್' ತೂಗಿಹಾಕಿಕೊಳ್ಳಬೇಕು.

ಮಮ್ ಎಂದರೆ ಊಟದ ತಟ್ಟೆಯಷ್ಟು ದೊಡ್ಡ, ಬಟ್ಟೆಯ ಸೇವಂತಿಗೆ ಹೂ. ಅದರಿಂದ ಮೊಣಕಾಲಿನವರೆಗೆ ಇಳಿಬಿದ್ದ ರಿಬ್ಬನ್ನುಗಳು, ರಿಬ್ಬನ್ನಿಗೆ ಗೆಜ್ಜೆ, ನಡುವೆ ಒಂದು ಪುಟಾಣಿ ಕರಡಿ. ಒಂದು ರಿಬ್ಬನ್ನಿನ ಮೇಲೆ ಹಾಕಿಕೊಂಡವಳ ಹೆಸರು, ಇನ್ನೊಂದರ ಮೇಲೆ ಮಾಡಿಕೊಟ್ಟವರ ಹೆಸರು, ಎರಡೂ ಮಿಂಚು ಪುಡಿಯಲ್ಲಿ. ಸಂಕ್ರಾಂತಿಗೆ ಕಿಚ್ಚು ಹಾಯಿಸಲು ತರುವ ಎತ್ತುಗಳಿಗೂ ಇಷ್ಟು ಸಿಂಗಾರ ನಾನು ಕಂಡಿಲ್ಲ. ಪ್ಲೇನೋದಲ್ಲಿರುವ ನನ್ನ ನಾದಿನಿ ಹೇಳುವ ಪ್ರಕಾರ ಅಲ್ಲಿನವು ಇನ್ನೂ ಉದ್ದವಂತೆ, ನೆಲ ಗುಡಿಸುತ್ತವಂತೆ.

ಮಗಳು ಹತ್ತನೇ ತರಗತಿಯಲ್ಲಿದ್ದಳು. ಆಗಸ್ಟ್ ಕೊನೆಯಲ್ಲಿ ಒಂದು ದಿನ, ಶಾಲೆಯಿಂದ ಕರೆತರುವಾಗ, ನನಗೊಂದು ಮಮ್ ಮಾಡಿಕೊಡುತ್ತೀಯಾ ಎಂದು ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು. ಗೆಳತಿಯರಿಗೆಲ್ಲ ಅವರವರ ಅಮ್ಮಂದಿರೇ ಮಾಡುತ್ತಾರಂತೆ. ನನಗೆ ಎಲ್ಲಿತ್ತೋ ಸಿಟ್ಟು. ಕೆಮಿಸ್ಟ್ರಿ ಟೆಸ್ಟಿನಿಂದ ಶುರುಮಾಡಿ ಒಂದು ದಿನದ ಶೋಕಿಗೆ ಇಷ್ಟೊಂದು ಪ್ಲಾಸ್ಟಿಕ್ ಏಕೆ ಎನ್ನುವವರೆಗೆ ಪುರಾಣ ಹೇಳಿದೆ. ನಿಜವಾದ ಸೇವಂತಿಗೆಯನ್ನು ಮಾರುಗಟ್ಟಲೆ ಕಟ್ಟಿದ ಕೈ ಇದು, ಇಂಥ ಅಂಟಿಸುವ ಹೂವಿಗೆ ನನಗೆ ಪುರುಸೊತ್ತಿಲ್ಲ ಎಂದೂ ಸೇರಿಸಿದೆ. ಅವಳು ಓಕೆ ಎಂದು ಕಿಟಕಿಯ ಕಡೆ ತಿರುಗಿದಳು. ಗೆದ್ದೆ ಎಂದುಕೊಂಡೆ.

ಹೋಮ್‌ಕಮಿಂಗ್ ಶುಕ್ರವಾರ ಬೆಳಿಗ್ಗೆ ನೋಡಿದರೆ ಎದೆಯ ಮೇಲೆ ಮಮ್ ಧರಿಸಿಯೇ ಕೆಳಗಿಳಿದು ಬಂದಳು. ತಾನೇ ಮಾಡಿಕೊಂಡಳಂತೆ. ಹೂ ಒಂದು ಕಡೆಗೆ ವಾಲಿತ್ತು, ಗ್ಲೂ ಗನ್ನಿನಿಂದ ಕಾಯಿಸಿ ಹಾಕಿದ ಅಂಟು ಜೇಡರ ಬಲೆಯ ಹಾಗೆ ಎಲ್ಲೆಲ್ಲೂ ನೇತಾಡುತ್ತಿತ್ತು. ನನಗೆ ಕಂಡದ್ದು ಊಟದ ಮೇಜಿನ ಮೇಲೆ ಅಂಟಿದ ಅಂಟು ಮಾತ್ರ. ಅದಕ್ಕೇ ಬೈದೆ. ಸೀಟ್‌ಬೆಲ್ಟ್ ಹಾಕಲು ಅಡ್ಡವಾಯಿತೆಂದು ಅವಳು ಅದನ್ನು ಬಿಚ್ಚಿ ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದುಕೊಂಡು ಕೂತಳು. ಶಾಲೆಯ ಮುಂದೆ ನೂರಾರು ಹುಡುಗಿಯರು ಝಲ್ ಝಲ್ ಎಂದು ಒಳಗೆ ಹೋಗುತ್ತಿದ್ದರು. ಇವರಿಗೆ ಅವತ್ತು ಅದ್ಯಾರು ಪಾಠ ಮಾಡುತ್ತಾರೋ ದೇವರಿಗೇ ಗೊತ್ತು.

ಮರುವಾರ ನವರಾತ್ರಿ. ಶನಿವಾರ ಬೆಳಿಗ್ಗೆ ಮಗಳು ಡಿಬೇಟ್ ಸ್ಪರ್ಧೆಗೆ ಹೋಗಿದ್ದಾಗ ಗ್ಯಾರೇಜಿನಿಂದ ಪೆಟ್ಟಿಗೆಗಳನ್ನು ತಂದು ಗೊಂಬೆ ಕೂರಿಸಿದೆ. ಮೆಟ್ಟಿಲ ಅಂಚು ಬೋಳುಬೋಳಾಗಿ ಕಾಣಿಸಿತು. ಮಧ್ಯಾಹ್ನಕ್ಕೆ ಅರಿಶಿನ ಕುಂಕುಮಕ್ಕೆ ಕರೆದಿದ್ದೆ, ಅಂಗಡಿಗೆ ಓಡುವಷ್ಟು ಹೊತ್ತಿರಲಿಲ್ಲ. ಆಗ ನೆನಪಾದದ್ದು ಮಗಳ ಕೋಣೆಯ ಗೋಡೆಗೆ ನೇತುಹಾಕಿದ್ದ ಮಮ್. ನಮ್ಮಲ್ಲಿ ಒಂದು ದಿನ ಏರಿಸಿದ ಹೂ ಮಾರನೆಯ ದಿನ ನಿರ್ಮಾಲ್ಯ, ತೆಗೆದು ಗಿಡದ ಬುಡಕ್ಕೆ ಹಾಕುತ್ತೇವೆ. ಇದೂ ಹಾಗೆಯೇ ಎಂದುಕೊಂಡೆ. ಕತ್ತರಿ ತಂದು ಬಿಡಿಸಿದೆ. ನೀಲಿ ರಿಬ್ಬನ್ನುಗಳನ್ನು ತುಂಡು ಮಾಡಿ, ಮಿಂಚು ಪುಡಿ ಉದುರೀತೆಂದು ಬರಹದ ಬದಿಯನ್ನು ಓದದೆಯೇ ಒಳಗೆ ತಿರುಗಿಸಿ ಮೆಟ್ಟಿಲಿಗೆ ಕಟ್ಟಿದೆ. ಗೆಜ್ಜೆ ಆನೆಯ ಕೊರಳಿಗೆ ಹೋಯಿತು. ಕರಡಿ ಪಟ್ಟದ ಗೊಂಬೆಗಳ ಕಾಲ ಬಳಿ ಕೂತಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಬಂದವರಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರು, ನಮ್ಮ ಬೀದಿಯವರೇ. ಗೊಂಬೆ ನೋಡಲು ಬಗ್ಗಿದವರು ರಿಬ್ಬನ್ನು ಮಗುಚಿ ನೋಡಿದರು.

"ಏನ್ ಛಂದ ಬರದಾಳ್ರೀ ನಿಮ್ಮ ಮಗಳು, ಕನ್ನಡದಾಗ 'ಅಮ್ಮ' ಅಂತ," ಎಂದರು. "ಇದು ಆ ಮಮ್ ಹೂವಿಂದಲ್ರೀ? ಕತ್ತರಿಸಿದ್ರೇನು?"

ಅವರ ಮಗಳು ಕಾಲೇಜಿಗೆ ಹೋಗಿ ಎರಡು ವರ್ಷವಾದರೂ ಹೈಸ್ಕೂಲಿನ ನಾಲ್ಕು ವರ್ಷದ ನಾಲ್ಕು ಮಮ್‌ಗಳೂ ಅವರ ಮನೆಯ ಗೋಡೆಯ ಮೇಲೇ ಇವೆಯಂತೆ. ಒಂದನ್ನು ಮುಟ್ಟಿದರೂ ಹುಡುಗಿ ಅಲ್ಲಿಂದಲೇ ಜಗಳ ತೆಗೆಯುತ್ತಾಳಂತೆ.

ನಾನು ರಿಬ್ಬನ್ನು ನೋಡಿದೆ. ಭಾನುವಾರದ ಕನ್ನಡ ಕ್ಲಾಸನ್ನು ಅವಳು ಅರ್ಧಕ್ಕೇ ಬಿಟ್ಟಾಗ ಎಷ್ಟು ಕೂಗಾಡಿದ್ದೆ. ಅಲ್ಲಿ ಕಲಿತ ಆ ದಪ್ಪ ಅಕ್ಷರಗಳು, ಮಾಡಿಕೊಟ್ಟವರ ಹೆಸರು ಇರಬೇಕಾದ ಜಾಗದಲ್ಲಿ. ಮಗಳು ಅಷ್ಟು ಹೊತ್ತಿಗೆ ಬಂದು ಉಸಲಿಯ ತಟ್ಟೆ ಹಿಡಿದು ನನ್ನ ಹಿಂದೆ ನಿಂತಿದ್ದಳು. ಆನೆಯ ಕೊರಳನ್ನು ನೋಡಿದಳು, ಕರಡಿಯನ್ನು ನೋಡಿದಳು.

"ಎಲ್ಲರದ್ದೂ ಅವರ ಅಮ್ಮ ಮಾಡಿದ್ದು," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ. "ನಂದೂ ನೀನೇ ಮಾಡಿದ್ದು ಅಂತ ಸ್ಕೂಲಲ್ಲಿ ಹೇಳಿದ್ದೆ."

ಅಷ್ಟು ಹೇಳಿ ಆಂಟಿಗೆ ಉಸಲಿ ಕೊಟ್ಟು ಒಳಗೆ ಹೋದಳು. ರೇಗಿದ್ದರೆ ನಾನೂ ರೇಗಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಜನ ಹೋದ ಕೂಡಲೇ ರಿಬ್ಬನ್ನು ಬಿಚ್ಚಿಕೊಂಡು ಅದೇ ಊಟದ ಮೇಜಿನ ಮೇಲೆ ಗ್ಲೂ ಗನ್ ಹಿಡಿದು ಕೂತೆ. ಎರಡು ಬೆರಳು ಸುಟ್ಟುಕೊಂಡೆ. ಮೊಣಕಾಲಿಗೆ ಬರುತ್ತಿದ್ದ ರಿಬ್ಬನ್ನು ಈಗ ಸೊಂಟಕ್ಕೂ ಸಾಲದು, ಹೂ ಮೊದಲಿಗಿಂತ ಹೆಚ್ಚು ವಾಲಿತು. ಮಗಳು ಬಂದು ನೋಡಿ, ಕರಡಿ ಹಬ್ಬ ಮುಗಿಯುವವರೆಗೆ ಗೊಂಬೆಗಳ ಜೊತೆ ಇರಲಿ ಎಂದಳು. ಮಮ್ಮನ್ನು ತೆಗೆದುಕೊಂಡು ಹೋಗಿ ಮತ್ತೆ ಅದೇ ಮೊಳೆಗೆ ಹಾಕಿದಳು. ಶಾಲೆಯಲ್ಲೆಲ್ಲ ಅವಳು ಹೇಳಿಕೊಂಡಿದ್ದ ಸುಳ್ಳು ಒಂದು ವಾರ ತಡವಾಗಿ ನಿಜವಾಗಿತ್ತು, ನೋಡುವವರು ಯಾರೂ ಇಲ್ಲದಾಗ.