ಓದು ಬಾರದ ಅಕ್ಕನಿಗೆ ಬರೆದ ಡೈರಿ

ಕೋವಿಡ್ ಗಲಾಟೆ ತಣ್ಣಗಾಗಿ ಒಂದೆರಡು ವರ್ಷವಾಗಿತ್ತು. ನಾನು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಕೌನ್ಸೆಲರ್, ನಿವೃತ್ತಿಯ ಹೊಸ್ತಿಲಲ್ಲಿದ್ದೆ. ನನಗಿದ್ದ ಟೂಲ್‌ಗಳಲ್ಲಿ ಬಹಳ ನಂಬಿಕೆಯಿದ್ದದ್ದು ಜರ್ನಲಿಂಗ್ ಮೇಲೆ. ಅಂದರೆ ಮನಸ್ಸಿಗೆ ಬಂದದ್ದನ್ನು ದಿನಾ ಸ್ವಲ್ಪ ಹೊತ್ತು, ತಿದ್ದದೆ, ಯಾರಿಗೂ ತೋರಿಸದೆ ಬರೆಯುವುದು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹಚ್ಚಿದ ಡೈರಿಯ ಚಟ ನನ್ನನ್ನು ಎಷ್ಟೋ ಸಲ ಕಾಪಾಡಿತ್ತು. ಬೇರೆಯವರನ್ನೂ ಕಾಪಾಡುತ್ತದೆ ಅಂತಲೇ ತಿಳಿದಿದ್ದೆ.

ಆಗ ಬಂದವಳು ರೇಣುಕಾ. ಹೆಸರು ಬದಲಿಸಿದ್ದೇನೆ. ದೇವದುರ್ಗದ ಹತ್ತಿರದ ಶಾಲೆಯಲ್ಲಿ ಟೀಚರ್, ಕೂಲಿ ಮಾಡುವ ಮನೆತನದಲ್ಲಿ ನೌಕರಿ ಹಿಡಿದ ಮೊದಲನೆಯವಳು. ಮಾನ್ವಿ ಕಡೆ ಹಳ್ಳಿಯಲ್ಲಿದ್ದ ಅಕ್ಕ ಹುಲಿಗೆಮ್ಮ ತೀರಿಕೊಂಡ ಮೇಲೆ ರೇಣುಕಾಳ ದನಿ ಹೋಗಿತ್ತು. ಬರೀ ಪಿಸುಮಾತು. ಇಎನ್‌ಟಿ ಡಾಕ್ಟರು ನೋಡಿ, ಗಂಟಲಲ್ಲಿ ದೋಷವಿಲ್ಲ, ಇದು ಫಂಕ್ಷನಲ್ ಎಂದು ನನ್ನ ಬಳಿ ಕಳಿಸಿದ್ದರು. ಮನಸ್ಸು ದನಿಯನ್ನು ಕಟ್ಟಿಹಾಕಿದೆ ಅಂತ ಅದರರ್ಥ. ರಜೆ ಮುಗಿಯುತ್ತ ಬಂದಿತ್ತು. ದನಿಯಿಲ್ಲದ ಟೀಚರನ್ನು ಯಾವ ಶಾಲೆ ಎಷ್ಟು ದಿನ ಇಟ್ಟುಕೊಂಡೀತು?

ಬರೆಯಲು ಹೇಳಿದೆ. ವಾರಕ್ಕೊಮ್ಮೆ ಬರುತ್ತಿದ್ದಳು, ಬರೆದೆ ಎನ್ನುತ್ತಿದ್ದಳು, ದನಿ ಮಾತ್ರ ಇದ್ದಲ್ಲೇ ಇತ್ತು. ನನಗೆ ಪಜಲ್ ಆಯಿತು. ಡೋಸ್ ಕಡಿಮೆಯಾಯಿತೇನೋ ಎಂದು ಇನ್ನಷ್ಟು ಬರೆ ಎಂದೆ. ಆಗ ಅವಳು ನನ್ನ ಟೇಬಲ್ಲಿನ ಮೇಲೆ ಬಾಗಿ ಪಿಸುಗುಟ್ಟಿದಳು.

"ಮೇಡಂ, ನಮ್ಮಕ್ಕಗ ಓದಾಕ ಬರ್ತಿರಲಿಲ್ರೀ. ತಾನು ಹೊಲಕ್ಕ ಹೋಗಿ ನನ್ನ ಸಾಲಿಗೆ ಕಳಿಸಿದ್ಲು. ನಾ ಹಿಂಗ ಬರಕೋತ ಕುಂತ್ರ ಅಕಿಗೆ ಹೆಂಗ ಮುಟ್ಟತದ?"

ಮುಟ್ಟಬೇಕಾದದ್ದು ನಿನಗೇ ಅಲ್ಲವೇ ಎಂದೆ. ಅವಳು ಅಲ್ಲ ಎಂದು ತಲೆಯಾಡಿಸಿದಳು. ಅಕ್ಕನ ಜೊತೆ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳ ಮುಂದೆ ಓದುತ್ತೇನೆ, ನೀವೂ ಬರ್ರಿ ಎಂದಳು. ಜರ್ನಲ್ ಅಂದರೆ ಪ್ರೈವೇಟ್. ಅದೇ ಅದರ ಮೊದಲ ನಿಯಮ. ಬೇಡ ಅನ್ನಬೇಕೋ ಬೇಡವೋ ತಿಳಿಯದೆಯೇ ಹೋಮ್ ವಿಸಿಟ್ ಎಂದು ರಿಜಿಸ್ಟರಿನಲ್ಲಿ ಬರೆದು ಬಸ್ಸು ಹತ್ತಿದೆ.

ನಾವು ಹೋದಾಗ ಅವರೆಲ್ಲ ಹೊಲದ ಬದುವಿನ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ನನ್ನ ಕೈಗೂ ರೊಟ್ಟಿ, ಪುಂಡಿಪಲ್ಯ ಬಂತು. ಗುಂಪಿನ ಹಿರಿಯಳು ಈರಮ್ಮ, "ಏನ್ ಬೇ ಟೀಚರಮ್ಮ, ದನಿ ಯಾವ ಸಂತ್ಯಾಗ ಮಾರಿ ಬಂದಿ?" ಎಂದಳು. ಎಲ್ಲರೂ ನಕ್ಕರು.

ರೇಣುಕಾ ಪಿಸುದನಿಯಲ್ಲೇ ಓದತೊಡಗಿದಳು. "ನನ್ನ ಅಕ್ಕ ತಾಳ್ಮೆಯ ಮೂರ್ತಿಯಾಗಿದ್ದಳು. ಒಂದು ದಿನವೂ ಗೊಣಗಿದವಳಲ್ಲ..."

"ತಡಿ ತಡಿ," ಈರಮ್ಮ ಕೈ ಅಡ್ಡ ಹಿಡಿದಳು. "ಯಾರ ಬಗ್ಗೆ ಓದಾಕತ್ತಿ? ಇಕಿ ನಮ್ಮ ಹುಲಿಗಿ ಅಲ್ಲ. ಹುಲಿಗಿ ದಿನಾ ನಿನ್ನ ಬೈಕೋತನಾ ಹತ್ತಿ ಸಾಲು ಹಿಡೀತಿದ್ಲು. 'ಅಕಿ ಫ್ಯಾನಿನ ಕೆಳಗ, ನಾ ಬಿಸಲಾಗ' ಅಂತ."

"ಮತ್ತ ಊಟಕ್ಕ ಕುಂತಾಗ ಫೋನಿನ್ಯಾಗ ನಿನ್ನ ಫೋಟೋ ತೋರಸ್ತಿದ್ಲು," ಇನ್ನೊಬ್ಬಳು ಸೇರಿಸಿದಳು. "ನೋಡೂತನಾ ರೊಟ್ಟಿ ಮುರಿಯಾಕ ಬಿಡ್ತಿರಲಿಲ್ಲ!"

ರೇಣುಕಾ ನಗುತ್ತಿದ್ದಳೋ ಅಳುತ್ತಿದ್ದಳೋ, ಸದ್ದಿಲ್ಲದ ಮುಖದಲ್ಲಿ ನನಗೆ ಗೊತ್ತಾಗಲಿಲ್ಲ. ಈರಮ್ಮ ಸಣ್ಣ ದನಿಯಲ್ಲಿ ಕೇಳಿದಳು. "ಅಕಿ ಮಣ್ಣಿನ ದಿನ ನಾವೆಲ್ಲ ಹಾಡ್ಯಾಡಿ ಅತ್ತೀವಿ. ನೀ ಒಬ್ಬಾಕಿ ಕರ್ಚೀಪು ಹಿಡಕೊಂಡು ಸುಮ್ಮ ನಿಂತಿದ್ದಿ. ಯಾಕ ಬೇ?"

"ಹೆಡ್‌ಮಾಸ್ತರು, ಸ್ಟಾಫು ಎಲ್ಲಾ ಬಂದಿದ್ರು ಯವ್ವಾ. ನಾಚಿಕಿ ಆತು," ರೇಣುಕಾ ಪಿಸುಗುಟ್ಟಿದಳು.

ಸತ್ತವರನ್ನು ಹೆಸರು ಹಿಡಿದು ಕರೆಯುತ್ತ, ಅವರ ಗುಣವನ್ನೂ ತಪ್ಪನ್ನೂ ಎತ್ತಿ ರಾಗವಾಗಿ ಅಳುವುದು ಈ ಕಡೆಯ ರೂಢಿ. ಈರಮ್ಮ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಸೆರಗು ಬಾಯಿಗೆ ಹಿಡಿದು ಶುರು ಮಾಡಿದಳು. "ನನ್ನ ಹುಲಿಗೀ, ಹಿಡಿದ ಸಾಲು ಅರ್ಧಕ್ಕ ಬಿಟ್ಟು ಎಲ್ಲಿಗೆ ಹೋದ್ಯೇ ತಾಯೀ..." ಒಬ್ಬೊಬ್ಬರಾಗಿ ಉಳಿದವರೂ ಸೇರಿದರು. ನೋಟ್‌ಬುಕ್ಕು ರೇಣುಕಾಳ ತೊಡೆಯಿಂದ ಜಾರಿತು.

"ಯಕ್ಕಾ," ಎಂದಳು. ತುಕ್ಕು ಹಿಡಿದ ಬಾಗಿಲು ಸರಿದಂಥ ದನಿ. "ಯಕ್ಕಾ, ನನ್ನ ಬೈಯಾಕಾದ್ರೂ ಬಾ ಬೇ..."

ದನಿ ಅಂದೇ ಪೂರ್ತಿ ಮರಳಿತು ಅನ್ನಲಾರೆ. ಹೋಗಿ ಬಂದು ಮಾಡುತ್ತ ಕೊನೆಗೆ ಉಳಿಯಿತು. ರಜೆ ಮುಗಿದ ದಿನ ಅವಳು ಕ್ಲಾಸಿಗೆ ಹೋಗಿ ಹಾಜರಿ ಕರೆದಳಂತೆ, ಒಡಕು ದನಿಯಲ್ಲೇ. ನಮ್ಮ ಡಾಕ್ಟರು, "ಸೋ, ನಿಮ್ಮ ಜರ್ನಲಿಂಗ್ ವರ್ಕ್ ಆಯ್ತಲ್ಲ ಮೇಡಂ!" ಎಂದರು. ಹೌದೇ? ಬರೆಯದಿದ್ದರೆ ಅವಳು ಆ ಬೇವಿನ ಕೆಳಗೆ ಹೋಗುತ್ತಲೇ ಇರಲಿಲ್ಲ. ಆದರೆ ಬರೆದದ್ದೆಲ್ಲ ಅಲ್ಲಿ ಸುಳ್ಳಾಯಿತು. ಕೇಸ್ ಶೀಟಿನಲ್ಲಿ ಚಿಕಿತ್ಸೆಯ ಹೆಸರು ಬರೆಯುವಲ್ಲಿ 'ಜರ್ನಲಿಂಗ್' ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ರೇಣುಕಾಳನ್ನೇ ಕೇಳಿದರೆ, "ಈಗೂ ಬರೀತೀನ್ರಿ ಮೇಡಂ. ಬರದು ಜೋರಾಗಿ ಓದ್ತೀನಿ. ಸುಳ್ಳು ಬರದ್ರ ಅಕ್ಕ ಬೈದಂಗ ಕೇಳಸ್ತದ" ಎಂದಳು.

ಆಮೇಲೆ ನಾನು ಬರೆಯಲು ಹೇಳಿದವರಿಗೆಲ್ಲ, ಇದು ಯಾರ ಕಿವಿಗೆ ಬೀಳಬೇಕಿತ್ತು ಎಂದು ಮೊದಲು ಕೇಳುತ್ತಿದ್ದೆ. ಕೆಲಸ ನನಗೆ ಕಲಿಸಿದ್ದು ಅಷ್ಟೇ. ಅದೂ ಕೊನೆಯ ವರ್ಷದಲ್ಲಿ.

ನನ್ನ ಡೈರಿಗಳು ಕಪಾಟಿನಲ್ಲಿವೆ. ಅವ್ವ ಹೋದ ಮೇಲೆ ಅವಳ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ, ಒಳ್ಳೆಯ ಕಾನ್ವೆಂಟ್ ಇಂಗ್ಲಿಷಿನಲ್ಲಿ. ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಮ್ಮೊಮ್ಮೆ ಮಧ್ಯಾಹ್ನ ಒಂದು ಪುಟ ತೆರೆದು, ಅವಳಿಗೆ ಕೇಳುವ ಹಾಗೆ ಜೋರಾಗಿ ಹೇಳಲು ಕೂರುತ್ತೇನೆ. "ಯವ್ವಾ" ಎನ್ನುತ್ತೇನೆ. ಮುಂದಿನ ಮಾತು ಇನ್ನೂ ಬಂದಿಲ್ಲ.